ದಾರಿಯ ದರ್ಜೆ

ಕುದುರೆಮುಖದ ತಪ್ಪಲಿನಲ್ಲಿ, ಸಂಸೆಯಿಂದ ಕಳಸಕ್ಕೆ ಬರುವ ರಸ್ತೆಯ ಆಚೀಚೆ ಹಬ್ಬಿರುವ ಕಾಫಿತೋಟಗಳೊಂದರಲ್ಲಿ, ಕಾಫಿ ಒಣಗಿಸುವ ಕಣದ ಗೋಡೆಗೆ ಒಂದು ಹಲಗೆಯನ್ನು ತಗುಲಿಸಿದ್ದರು. ಅದರ ಮೇಲೆ ಬಣ್ಣದಲ್ಲಿ ಮೂರು ದಾರಿಗಳ ಹೆಸರು. ಒಂದೊಂದು ಹೆಸರಿನ ಮುಂದೆಯೂ ಒಂದೊಂದು ಮಾತು: ಸುಲಭ, ಮಧ್ಯಮ, ಕಠಿಣ. ಮಾರ್ಗದರ್ಶಿಯೊಬ್ಬನನ್ನು ಮುಂದಿಟ್ಟುಕೊಂಡು, ಸೈಕಲ್ಲಿನ ಮೇಲೆ ತೋಟ ಗದ್ದೆ ಹಳ್ಳಗಳನ್ನು ಸುತ್ತಿಬರಲೆಂದು ಪೇಟೆಯಿಂದ ಬರುವವರಿಗಾಗಿ ಮಾಡಿದ ಏರ್ಪಾಡು ಅದು. ಎರಡು ವರ್ಷದ ಹಿಂದೆ, ಅಕ್ಟೋಬರ್ ತಿಂಗಳಲ್ಲಿ, ನಾನೂ ಹನ್ನೊಂದು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಅಧ್ಯಾಪಕನಿಗೆ ಇರಬೇಕಾದ ಎಚ್ಚರಿಕೆ ನನಗೂ ಇದೆಯಾದುದರಿಂದ ಮೂರರಲ್ಲಿ ‘ಸುಲಭ’ವೆಂಬುದನ್ನೇ ಆರಿಸಿದೆ. ಹದಿನಾಲ್ಕು ಕಿಲೋಮೀಟರಿನ ದಾರಿ. ಮಧ್ಯಾಹ್ನದ ಊಟಕ್ಕೆ ಹಿಂದಿರುಗಬೇಕಾಗಿದ್ದ ನಾವು, ಒಬ್ಬ ಹುಡುಗಿಯ ಮುಂಗೈಯ ಎಲುಬು ಮುರಿದು, ಆ ಹೊತ್ತನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದೆವು.

ಬಿದ್ದುದನ್ನು ನಾನು ದೊಡ್ಡದು ಮಾಡುತ್ತಿಲ್ಲ. ಸೈಕಲ್ ಹತ್ತಿದವರಲ್ಲಿ ಬೀಳದವರು ಯಾರು? ಎಲುಬು ಆರು ವಾರಕ್ಕೆ ಕೂಡಿಕೊಂಡಿತು. ಇಂದಿಗೂ ನನ್ನನ್ನು ಬಿಡದೆ ಕಾಡುತ್ತಿರುವುದು ಅವಳು ಆಸ್ಪತ್ರೆಯಲ್ಲಿ ಆಡಿದ ಮಾತು. ಅವಳು ಬಿದ್ದುದು ಒಂಬತ್ತನೆಯ ಕಿಲೋಮೀಟರಿನಲ್ಲಿ. ಆದರೆ ಮೂರನೆಯ ಕಿಲೋಮೀಟರಿನಿಂದಲೇ ಬ್ರೇಕು ಹಿಡಿದೂ ಹಿಡಿದೂ ಬೆರಳುಗಳು ಜೋಮು ಹಿಡಿದಿದ್ದುವಂತೆ. ‘ಮೊದಲೇ ಯಾಕಮ್ಮ ಹೇಳಲಿಲ್ಲ?’ ಎಂದೆ. ‘ಸುಲಭ ಅಂತ ಬರೆದಿತ್ತಲ್ಲ ಸಾರ್. ಎಲ್ಲರೂ ಸುಮ್ಮನೆ ಹೋಗ್ತಾ ಇದ್ದರು. ನನಗೊಬ್ಬಳಿಗೇ ಕಷ್ಟ ಆಗ್ತಿರೋದು ಅಂದುಕೊಂಡೆ’ ಎಂದಳು. ಆಮೇಲೆ ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದೆ. ಹನ್ನೊಂದು ಮಂದಿಯಲ್ಲಿ ಐವರಿಗೆ ಅದೇ ಕಷ್ಟ. ಐವರೂ ತನಗೊಬ್ಬರಿಗೇ ಎಂದುಕೊಂಡು ತುಟಿ ಬಿಗಿದು ಸಾಗಿದ್ದರು. ಆರನೆಯವನು ನಾನು.

ಹಲಗೆಯ ಮೇಲಿನ ಆ ಮಾತು ಚಿಕ್ಕದು. ಆದರೆ ಅದು ಎರಡು ಕೆಲಸ ಮಾಡುತ್ತದೆ. ಒಂದನ್ನು ನಾವು ಬಲ್ಲೆವು, ಇನ್ನೊಂದನ್ನು ಗಮನಿಸುವುದೇ ಇಲ್ಲ. ‘ಈ ದಾರಿ ಸುಲಭ’ ಎಂದಾಗ ದಾರಿಯ ವಿಷಯವಾಗಿ ಏನೋ ಹೇಳಿದಂತಾಯಿತು. ಜೊತೆಗೇ, ‘ಇದು ನಿನಗೆ ಕಷ್ಟವಾದರೆ ಕೊರತೆ ನಿನ್ನದು’ ಎಂದು ಸವಾರನ ವಿಷಯವಾಗಿಯೂ ತೀರ್ಪು ಕೊಟ್ಟಂತಾಯಿತು. ಅಧ್ಯಾಪಕರಾದ ನಮಗೆ ಇದು ಹೊಸದಾಗಿರಬಾರದು. ‘ಈ ಪಾಠ ಸುಲಭ, ಮನೆಯಲ್ಲಿ ಓದಿಕೊಳ್ಳಿ’ ಎಂದು ನಾವು ಬಿಟ್ಟುಬಿಟ್ಟ ಪಾಠದ ಬಗ್ಗೆ ಮರುದಿನ ತರಗತಿಯಲ್ಲಿ ಯಾರಾದರೂ ಕೈಯೆತ್ತಿ ಪ್ರಶ್ನೆ ಕೇಳಿದ್ದುಂಟೆ? ಕಠಿಣವೆಂದ ಪಾಠಕ್ಕೆ ಹತ್ತು ಕೈ ಮೇಲೇಳುತ್ತವೆ. ದಾರಿಯಲ್ಲಿಯೂ ಹೀಗೆಯೇ. ಕಠಿಣವೆಂದು ಬರೆದಲ್ಲಿ ದಣಿದವನು ‘ಸ್ವಲ್ಪ ನಿಲ್ಲಿ’ ಎಂದು ಧಾರಾಳವಾಗಿ ಕೂಗುತ್ತಾನೆ. ಸುಲಭವೆಂದು ಬರೆದಲ್ಲಿ ಕೂಗಲು ನಾಚಿಕೆ. ಗುಡ್ಡದಲ್ಲಿ ನಾಚಿಕೆಯಷ್ಟು ಅಪಾಯಕಾರಿಯಾದ ವಸ್ತು ಇನ್ನೊಂದಿಲ್ಲವೆಂದು ನಾನು ಈಗ ತಿಳಿದಿದ್ದೇನೆ.

ಹಾಗೆಂದು ದರ್ಜೆಯೇ ಬೇಡವೆನ್ನುವ ಗುಂಪಿಗೆ ಸೇರಿದವನಲ್ಲ ನಾನು. ದಾರಿ ಹೇಗಿದೆಯೆಂದು ಹೊರಡುವವನು ಕೇಳಿಯೇ ಕೇಳುತ್ತಾನೆ. ಉತ್ತರವನ್ನು ಯಾರಾದರೂ ಕೊಡಲೇಬೇಕು. ಮಲೆನಾಡಿನಲ್ಲಿ ಈ ಉತ್ತರಕ್ಕೆ ಹಿಂದಿನಿಂದಲೂ ತನ್ನದೇ ಒಂದು ಪದ್ಧತಿಯಿದೆ. ‘ಇಲ್ಲೇ, ಒಂದು ಕೂಗಿಗೆ’ ಎನ್ನುತ್ತಾರೆ. ‘ಎಲೆಅಡಿಕೆ ಹಾಕಿಕೊಂಡು ಹೊರಟರೆ ಉಗುಳೋ ಹೊತ್ತಿಗೆ ಅಲ್ಲಿರ್ತೀರಿ’ ಎನ್ನುತ್ತಾರೆ. ಬಯಲುಸೀಮೆಯವನು ಅದನ್ನು ನಂಬಿ ಹೊರಟು, ಎರಡು ಗಂಟೆಯ ಮೇಲೆ ಮೈತುಂಬ ಇಂಬಳ ಹತ್ತಿಸಿಕೊಂಡು, ಹೇಳಿದವನನ್ನು ಸುಳ್ಳುಗಾರನೆಂದು ಶಪಿಸುತ್ತಾನೆ. ಹೇಳಿದವನು ಸುಳ್ಳು ಹೇಳಿರಲಿಲ್ಲ. ಅವನ ಕಾಲಿಗೆ ಅದು ಅಷ್ಟೇ ದೂರ. ಅವನು ತನ್ನ ಕಾಲಿನ ಅಳತೆಯನ್ನು ಹೇಳಿದ. ಕೇಳಿದವನು ಅದನ್ನು ನೆಲದ ಅಳತೆಯೆಂದು ತಿಳಿದ. ಅಷ್ಟೇ ನಡೆದುದು. ತೋಟದ ಹಲಗೆಯ ಮೇಲೂ ಇದೇ ನಡೆದಿತ್ತೆಂಬುದನ್ನು ಮುಂದೆ ಹೇಳುತ್ತೇನೆ.

ಸೈಕಲ್ ಎಂಬುದು ಈ ಸೀಮೆಗೆ ಸುಲಭವಾಗಿ ಒಗ್ಗಿದ ವಾಹನವೂ ಅಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಹಳೆಯ ಕಾಲದ ಮಲೆನಾಡಿಗರು ಬೈಸಿಕಲ್ಲನ್ನು ಬೀಸೆಕಲ್ಲು ಎನ್ನುತ್ತಾರೆ. ಉಚ್ಚಾರಣೆಯ ತಮಾಷೆ ಹಾಗಿರಲಿ; ಮಲೆನಾಡಿನ ಏರಿನಲ್ಲಿ ಅದನ್ನು ತುಳಿದು ನೋಡಿದವನಿಗೆ ಆ ಹೆಸರು ಎಷ್ಟು ಉಚಿತವೆಂಬುದು ತಿಳಿಯುತ್ತದೆ. ಇಂದು ಗೇರುಗಳು ಬಂದಿವೆ, ದಪ್ಪ ಟೈರುಗಳು ಬಂದಿವೆ, ಬೆರಳ ತುದಿಯಲ್ಲಿ ಹಿಡಿಯುವ ಬ್ರೇಕುಗಳು ಬಂದಿವೆ. ನೆಲ ಮಾತ್ರ ಅಂದಿನದೇ.

ದಾರಿಗೆ ದರ್ಜೆ ಹಾಕುವ ವಿದ್ಯೆಯನ್ನು ಲೋಕದಲ್ಲಿ ಕೆಲವರು ಬಹಳ ಶ್ರದ್ಧೆಯಿಂದ ಬೆಳೆಸಿದ್ದಾರೆ. ಅಮೆರಿಕದಲ್ಲಿ 1988ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ, ಹಿಮದ ಮೇಲೆ ಜಾರುವ ಸ್ಕೀ ಆಟದವರು ಬಳಸುತ್ತಿದ್ದ ಗುರುತುಗಳನ್ನು ಸೈಕಲ್ಲಿಗೆ ಅಳವಡಿಸಿತು. ಬಿಳಿಯ ವೃತ್ತ, ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ, ಜೋಡಿ ಕಪ್ಪು ವಜ್ರ ಎಂದು ಐದು ಮೆಟ್ಟಿಲು. ಗುರುತುಗಳಿಗಿಂತ ಅವುಗಳ ಹಿಂದಿರುವ ಅಳತೆ ಮುಖ್ಯವಾದುದು. ಹಸಿರು ವೃತ್ತದ ದಾರಿ ಕಡಮೆಯೆಂದರೆ 3 ಅಡಿ ಅಗಲವಿರಬೇಕು, ನೆಲ ಗಟ್ಟಿಯಾಗಿರಬೇಕು, ಸರಾಸರಿ ಏರು ನೂರಕ್ಕೆ 5ನ್ನು, ಅತ್ಯಂತ ಕಡಿದಾದ ಜಾಗದ ಏರು ನೂರಕ್ಕೆ 15ನ್ನು ಮೀರಬಾರದು, ತಪ್ಪಿಸಿಕೊಳ್ಳಲಾಗದ ಬೇರು, ಕಲ್ಲು ಮುಂತಾದ ಅಡೆತಡೆ 2 ಅಂಗುಲಕ್ಕಿಂತ ಎತ್ತರವಾಗಿರಬಾರದು. ನೀಲಿಗೆ ಬಂದರೆ ಅಗಲ 2 ಅಡಿಗೆ ಇಳಿಯುತ್ತದೆ, ಅಡೆತಡೆ 8 ಅಂಗುಲಕ್ಕೆ ಏರುತ್ತದೆ. ಕಪ್ಪಿನಲ್ಲಿ ಒಂದಡಿ ಅಗಲ, 15 ಅಂಗುಲದ ಅಡೆತಡೆ. ಜೋಡಿ ಕಪ್ಪಿನಲ್ಲಿ ದಾರಿಯೆಂದರೆ ಅರ್ಧ ಅಡಿ. ನೂರಕ್ಕೆ ಇಷ್ಟು ಏರು ಎಂಬ ಲೆಕ್ಕವೂ ಸರಳವೇ: ನೂರು ಮೀಟರು ಮುಂದೆ ಹೋಗುವಾಗ ಹತ್ತು ಮೀಟರು ಮೇಲೇರಿದರೆ ಅದು ನೂರಕ್ಕೆ ಹತ್ತು.

ಈ ಅಳತೆಗಳಿಗಿಂತಲೂ ನನಗೆ ಹೆಚ್ಚು ಮೆಚ್ಚುಗೆಯಾದುದು ಅದೇ ಸಂಸ್ಥೆ ಹಾಕಿಕೊಂಡಿರುವ ಒಂದು ಕಟ್ಟು. ತನ್ನ ದರ್ಜೆ ಸವಾರನ ಕೌಶಲಕ್ಕೆ ದಾರಿ ಒಡ್ಡುವ ಪರೀಕ್ಷೆಯನ್ನು ಮಾತ್ರ ಹೇಳುತ್ತದೆ, ಮೈಯ ಶ್ರಮವನ್ನು ಹೇಳುವುದಿಲ್ಲ ಎಂದು ಅದು ಸ್ಪಷ್ಟವಾಗಿ ತಿಳಿಸುತ್ತದೆ. ಎರಡನ್ನೂ ಒಂದೇ ಗುರುತಿನಲ್ಲಿ ತುಂಬಲಾಗದು. ಆದುದರಿಂದ ದಾರಿಯ ಉದ್ದವನ್ನೂ ಏರನ್ನೂ ಬೇರೆಯಾಗಿ ಬರೆಯಿರಿ ಎಂಬುದು ಅದರ ಸಲಹೆ. ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನವಿದೆ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರು ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರು. ಗಿರಿಯ ಕಡೆಗೆ ಹೋಗುವ ಡಾಂಬರು ರಸ್ತೆಯನ್ನು ಸೈಕಲ್ಲಿನಲ್ಲಿ ಹತ್ತುವವರು ಉಂಟು. ಕೌಶಲದ ದೃಷ್ಟಿಯಿಂದ ಆ ಏರಿಕೆಯಲ್ಲಿ ಏನೂ ಇಲ್ಲ. ಎದೆ ಮಾತ್ರ ಒಡೆದುಹೋಗುತ್ತದೆ. ಇನ್ನೊಂದು ಕಡೆ, ಹಳ್ಳಕ್ಕೆ ಅಡ್ಡಲಾಗಿ ಎರಡು ಅಡಕೆಮರ ಹಾಕಿ ಮಾಡಿದ ಕಾಲುಸಂಕವನ್ನು ನೋಡಿ. ಹತ್ತು ಹೆಜ್ಜೆಯ ಉದ್ದ, ಏರಿಲ್ಲ, ಶ್ರಮವಿಲ್ಲ. ಆದರೆ ಅದರ ಮೇಲೆ ಸೈಕಲ್ ಓಡಿಸಿಕೊಂಡು ದಾಟುವವನಿಗೆ ನಾನು ದೂರದಿಂದಲೇ ನಮಸ್ಕಾರ ಮಾಡುತ್ತೇನೆ. ಈ ಎರಡಕ್ಕೂ ‘ಕಠಿಣ’ವೆಂಬ ಒಂದೇ ಚೀಟಿ ಅಂಟಿಸಿದರೆ ಯಾರಿಗೆ ಏನು ತಿಳಿದಂತಾಯಿತು?

ಕಾಫಿ ಬೆಳೆಯುವವರಿಗೆ ಈ ವಿವೇಕ ಹೊಸದಾಗಿರಬೇಕಾಗಿಲ್ಲ. ಅವರ ಬೀಜಕ್ಕೂ ದರ್ಜೆಯಿದೆ. ಪ್ಲಾಂಟೇಶನ್ ಎ ಎಂದರೆ 6.65 ಮಿಲಿಮೀಟರಿನ ಕಣ್ಣುಳ್ಳ ಜರಡಿಯ ಮೇಲೆ ನಿಲ್ಲುವ ಬೀಜ. ಬಿ ಎಂದರೆ ಅದಕ್ಕಿಂತ ಸಣ್ಣ ಕಣ್ಣಿನದರ ಮೇಲೆ ನಿಲ್ಲುವುದು. ಜರಡಿ ಅಳೆಯುವುದು ಗಾತ್ರವನ್ನು. ರುಚಿಯನ್ನು ತಿಳಿಯಬೇಕಾದರೆ ಹುರಿದು, ಪುಡಿಮಾಡಿ, ಬಟ್ಟಲಿಗೆ ಹಾಕಿ, ಬಾಯಲ್ಲಿಟ್ಟು ನೋಡುವ ಬೇರೆಯ ಪರೀಕ್ಷೆಯೇ ಇದೆ. ‘ಎ ದರ್ಜೆ ಕೊಟ್ಟಿದ್ದೀರಿ, ರುಚಿ ಯಾಕಿಲ್ಲ?’ ಎಂದು ಯಾವ ಪ್ಲಾಂಟರೂ ಜರಡಿಯ ಮೇಲೆ ಜಗಳ ತೆಗೆಯುವುದಿಲ್ಲ. ಕುದುರೆಮುಖದ ಗಣಿಯಲ್ಲಿಯೂ, 2005ರ ಕೊನೆಗೆ ಅದು ನಿಲ್ಲುವವರೆಗೆ, ಅದಿರಿನಲ್ಲಿ ಕಬ್ಬಿಣ ನೂರಕ್ಕೆ ಎಷ್ಟೆಂದು ಅಳೆದೇ ದರ್ಜೆ ಹೇಳುತ್ತಿದ್ದರು. ಬೀಜವನ್ನೂ ಅದಿರನ್ನೂ ಇಷ್ಟು ಜಾಗರೂಕತೆಯಿಂದ ಅಳೆದ ಸೀಮೆಯಲ್ಲಿ, ಮನುಷ್ಯರನ್ನು ಕಳಿಸುವ ದಾರಿಯನ್ನು ಮಾತ್ರ ಕಣ್ಣಂದಾಜಿಗೆ ಬಿಟ್ಟಿದ್ದೇವೆ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಇನ್ನೊಮ್ಮೆ ಆ ತೋಟಕ್ಕೆ ಹೋಗಿ, ಈ ಬಾರಿ ಸೈಕಲ್ಲನ್ನು ತಳ್ಳಿಕೊಂಡು, ‘ಸುಲಭ’ದ ದಾರಿಯನ್ನು ನಡೆದು ನೋಡಿದೆ. ಅಗಲದಲ್ಲಿ ದೋಷವಿಲ್ಲ, ಜೀಪು ಹೋಗುವ ದಾರಿ, ಎಂಟಡಿಗೆ ಕಡಮೆಯಿಲ್ಲ. ಆದರೆ ಜೀಪಿನ ಚಕ್ರಗಳು ಎರಡು ಜಾಡು ಕೊರೆದು ನಡುವೆ ಹುಲ್ಲಿನ ದಿಂಡನ್ನು ಬಿಟ್ಟಿವೆ. ಸೈಕಲ್ಲಿಗೆ ಸಿಗುವುದು ಒಂದು ಜಾಡು ಮಾತ್ರ. ಅದರ ಅಗಲ ಒಂದಡಿ. ಮಳೆನೀರು ಕೊಚ್ಚದಿರಲೆಂದು ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಚರಂಡಿ ತೆಗೆದಿದ್ದಾರೆ. ತೋಟದ ದೃಷ್ಟಿಯಿಂದ ಅದು ಸರಿಯೆ, ಸೈಕಲ್ಲಿನ ದೃಷ್ಟಿಯಿಂದ ಒಂದೊಂದೂ ಗೇಣುದ್ದದ ಗುಂಡಿ. ಮೂರನೆಯ ಕಿಲೋಮೀಟರಿನಿಂದ ಹಳ್ಳದವರೆಗಿನ ಇಳಿಜಾರನ್ನು ಜೊತೆಗೆ ಬಂದ ವಿದ್ಯಾರ್ಥಿಯ ಕೈಗಡಿಯಾರ ಅಳೆಯಿತು: ಒಂದು ಕಿಲೋಮೀಟರಿಗೆ 120 ಮೀಟರು, ಅಂದರೆ ನೂರಕ್ಕೆ 12. ಹೊರಟಲ್ಲಿಗೇ ಹಿಂದಿರುಗುವ ದಾರಿಯಾದುದರಿಂದ ಅದರ ಏರನ್ನೂ ಇಳಿತವನ್ನೂ ಒಂದಕ್ಕೊಂದು ಕಳೆದರೆ ಉಳಿಯುವುದು ಸೊನ್ನೆ! ಸರಾಸರಿಯೊಂದನ್ನೇ ನೆಚ್ಚಿದರೆ ಇಂಥ ವಿನೋದಗಳೂ ಆಗುತ್ತವೆ. ಒಟ್ಟು ಹತ್ತಿದುದು ಸುಮಾರು 400 ಮೀಟರು, ಇಳಿದುದೂ ಅಷ್ಟೇ.

ಇಳಿತದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಾವು ಕಷ್ಟವೆಂದರೆ ಏರು, ಸುಖವೆಂದರೆ ಇಳಿತ ಎಂದು ತಿಳಿದು ಬೆಳೆದವರು. ದರ್ಜೆ ಹಾಕುವವರೂ ಏರನ್ನು ಎಣಿಸಿ ಇಳಿತವನ್ನು ಮರೆಯುತ್ತಾರೆ. ಸವಾರನೂ ಸೈಕಲ್ಲೂ ಸೇರಿ 85 ಕಿಲೋ ಎನ್ನೋಣ. 400 ಮೀಟರು ಕೆಳಗಿಳಿಯುವಾಗ ಆ ತೂಕ ಕಳೆದುಕೊಳ್ಳುವ ಶಕ್ತಿ ಒಂದು ಲೀಟರು ತಣ್ಣೀರನ್ನು ಕುದಿಸುವುದಕ್ಕೆ ಸಾಕು. ಎಂಟು ಮಂದಿಗೆ ಕಾಫಿಯಾಗುತ್ತದೆ. ಒಳ್ಳೆಯ ರಸ್ತೆಯಲ್ಲಿ ವೇಗವಾಗಿ ಹೋದರೆ ಅದರಲ್ಲಿ ಬಹುಭಾಗವನ್ನು ಗಾಳಿ ಹೊತ್ತುಕೊಳ್ಳುತ್ತದೆ. ಗುಂಡಿಬಿದ್ದ ಕಾಡುದಾರಿಯಲ್ಲಿ ಮೆಲ್ಲಗೆ ಇಳಿಯುವವನ ಪಾಲಿಗೆ ಅದೆಲ್ಲವನ್ನೂ ಬಹುಮಟ್ಟಿಗೆ ಬ್ರೇಕೇ ನುಂಗಬೇಕು, ಬ್ರೇಕನ್ನು ಬೆರಳು ಹಿಡಿದಿರಬೇಕು. ಹೆದರುವವನು ಹೆಚ್ಚು ಹಿಡಿಯುತ್ತಾನೆ, ಹೆಚ್ಚು ಹಿಡಿದವನ ಬೆರಳು ಬೇಗ ಸೋಲುತ್ತದೆ, ಬೆರಳು ಸೋತವನು ಮುಂದಿನ ಇಳಿಜಾರಿನಲ್ಲಿ ಇನ್ನೂ ಹೆದರುತ್ತಾನೆ. ನನ್ನ ವಿದ್ಯಾರ್ಥಿನಿ ಆರು ಕಿಲೋಮೀಟರು ಹೀಗೆ ಸಾಗಿದ್ದಳು. ಅವಳ ಕಾಲುಗಳು ಅಂದು ದಣಿದೇ ಇರಲಿಲ್ಲ.

ಇನ್ನು ಮಳೆ. ಸ್ವಿಸ್ ಆಲ್ಪೈನ್ ಕ್ಲಬ್ಬಿನವರು ಬೆಟ್ಟದ ನಡಿಗೆಗೆ ಮಾಡಿರುವ ಆರು ಮೆಟ್ಟಿಲಿನ ದರ್ಜೆಯೊಂದಿದೆ. ಒಳ್ಳೆಯ ಹವೆ, ಸ್ಪಷ್ಟವಾದ ನೋಟ, ಒಣಗಿದ ನೆಲ ಇವೆಯೆಂದು ಭಾವಿಸಿ ಈ ದರ್ಜೆ ಹಾಕಿದೆ ಎಂದು ಅವರು ಮೊದಲೇ ಹೇಳಿಬಿಡುತ್ತಾರೆ. ಪ್ರಾಮಾಣಿಕವಾದ ಮಾತು. ಆದರೆ ಅದೇ ಷರತ್ತನ್ನು ಕುದುರೆಮುಖಕ್ಕೆ ತಂದರೆ ವರ್ಷದಲ್ಲಿ ಎಷ್ಟು ತಿಂಗಳು ಅದು ಸಲ್ಲುತ್ತದೆ? ಚಿಕ್ಕಮಗಳೂರು ಪೇಟೆಯಲ್ಲಿ ಬೀಳುವ ಮಳೆಯ ಐದಾರು ಪಟ್ಟು ಈ ಪಶ್ಚಿಮದ ಅಂಚಿನಲ್ಲಿ ಬೀಳುತ್ತದೆ. ಒಂದೇ ಜಿಲ್ಲೆಯೊಳಗೆ ಎರಡು ಲೋಕ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದ ಮೇಲೂ ಹಿಂಗಾರಿನ ಸಂಜೆಯ ಮಳೆ ಅಕ್ಟೋಬರಿನಲ್ಲಿ ಬರುತ್ತದೆ. ಜಂಬಿಟ್ಟಿಗೆಯ ಕೆಂಪುಮಣ್ಣು ಒಣಗಿದಾಗ ಸಿಮೆಂಟು, ನೆನೆದಾಗ ಬೆಣ್ಣೆ. ಅದರ ಮೇಲೆ ಸಿಲ್ವರ್ ಓಕಿನ ತರಗು ಹಾಸಿ, ಅದರ ಕೆಳಗೆ ಪಾಚಿಗಟ್ಟಿದ ಕಲ್ಲನ್ನು ಅಡಗಿಸಿಟ್ಟರೆ, ಅದೇ ನಮ್ಮ ಒಂಬತ್ತನೆಯ ಕಿಲೋಮೀಟರು. ನಾನು ಎರಡನೆಯ ಸಲ ಹೋದುದು ಫೆಬ್ರವರಿಯಲ್ಲಿ. ಅದೇ ಜಾಗ ಆಗ ನಿರುಪದ್ರವಿಯಾಗಿ, ಒಣಗಿ, ಧೂಳು ಹಾರಿಸುತ್ತ ಬಿದ್ದಿತ್ತು. ಹಲಗೆಯ ಮೇಲಿನ ಮಾತು ಎರಡು ಕಾಲಕ್ಕೂ ಒಂದೇ.

ದರ್ಜೆಯೆಂಬುದು ಊರಿಂದೂರಿಗೆ ಹೋಗುವಾಗ ಅರ್ಥ ಬದಲಿಸುವ ವಸ್ತುವೂ ಹೌದು. ಬ್ರಿಟನ್ನಿನ ಕಾಡುಗಳಲ್ಲಿ ಸೈಕಲ್ ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ನಾಲ್ಕು ಬಣ್ಣ. ಅಲ್ಲಿ ನೀಲಿ ಎರಡನೆಯದು, ಅಮೆರಿಕದ ಐದರಲ್ಲಿ ಅದು ಮೂರನೆಯದು. ಅಮೆರಿಕದವರ ಆ ಪಟ್ಟಿಯಲ್ಲಿ ಕೆಂಪೇ ಇಲ್ಲ. ಒಂದೇ ಪದ್ಧತಿಯೊಳಗೂ ದರ್ಜೆಯನ್ನು ಆ ಪ್ರದೇಶದ ಇತರ ದಾರಿಗಳೊಡನೆ ಹೋಲಿಸಿಯೇ ಹೇಳುವುದು ವಾಡಿಕೆ. ಹಾಗಾದರೆ ಎಲ್ಲ ದಾರಿಗಳೂ ಕಡಿದಾದ ಸೀಮೆಯಲ್ಲಿ ‘ಸುಲಭ’ವೆಂದರೆ ಇದ್ದುದರಲ್ಲಿ ಸುಲಭ, ಅಷ್ಟೇ. ಕುದುರೆಮುಖ ಶಿಖರದ ಕಾಲ್ನಡಿಗೆಯನ್ನೇ ತೆಗೆದುಕೊಳ್ಳಿ. ಎತ್ತರ 1,894 ಮೀಟರು. ಮುಳ್ಳೋಡಿಯಿಂದ ಹೋಗಿಬರಲು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಚಾರಣಕ್ಕೆ ಕರೆದೊಯ್ಯುವವರ ಜಾಹೀರಾತುಗಳಲ್ಲಿ ಇದು ಒಂದು ಕಡೆ ‘ಮಧ್ಯಮ’, ಇನ್ನೊಂದು ಕಡೆ ‘ಕಠಿಣ’, ಮತ್ತೊಂದು ಕಡೆ ಎರಡರ ನಡುವೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಾರರು. ಒಬ್ಬರು ಹಿಮಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ, ಒಬ್ಬರು ನಂದಿಬೆಟ್ಟವನ್ನು. ಯಾವುದನ್ನು ಇಟ್ಟುಕೊಂಡರೆಂದು ಓದುವವನಿಗೆ ಹೇಳುವವರಿಲ್ಲ.

ಈಗ ಮಾರ್ಗದರ್ಶಿಯ ವಿಷಯ. ‘ಜೊತೆಯಲ್ಲಿ ದಾರಿ ಬಲ್ಲವನೊಬ್ಬನಿದ್ದಾನಲ್ಲ, ಇನ್ನು ಭಯವೇಕೆ’ ಎಂಬುದು ನಮ್ಮೆಲ್ಲರ ಭಾವನೆ. ದಾರಿ ತಪ್ಪುವ ಭಯವನ್ನು ಅವನು ಕಳೆಯುತ್ತಾನೆ, ನಿಜ. ಇಳಿಜಾರನ್ನು ಅವನು ಚಪ್ಪಟೆ ಮಾಡಲಾರ. ಹನ್ನೆರಡು ಮಂದಿಯ ಸಾಲಿನ ಮುಂದೆ ಹೋಗುವವನಿಗೆ ಕೊನೆಯವಳ ಬೆರಳು ಕಾಣುವುದೂ ಇಲ್ಲ. ನಮ್ಮೊಡನೆ ಬಂದವನು ಇಪ್ಪತ್ತನಾಲ್ಕು ವರ್ಷದ ಒಳ್ಳೆಯ ಹುಡುಗ. ತೋಟದಲ್ಲಿ ದುಡಿಯುವವರ ಮಗ. ಅಂದು ಸಂಜೆ ಆಸ್ಪತ್ರೆಯ ಮೊಗಸಾಲೆಯಲ್ಲಿ ನಮಗಿಂತ ಹೆಚ್ಚು ಕಂಗೆಟ್ಟು ನಿಂತಿದ್ದವನು ಅವನೇ. ಹಲಗೆಯ ಮೇಲೆ ‘ಸುಲಭ’ವೆಂದು ಬರೆಸಿದವರು ಯಾರೆಂದು ಕೇಳಿದೆ. ‘ಯಾವ ದಾರಿ ಸುಲಭ ಅಂತ ನನ್ನೇ ಕೇಳಿದ್ರು ಸಾರ್. ನಾನು ಹಾಲು ಹಾಕೋಕೆ ದಿನಾ ಇದೇ ದಾರೀಲಿ ಹೋಗೋದು. ಅದಕ್ಕೇ ಇದು ಅಂದೆ’ ಎಂದ. ಮಳೆಗಾಲದಲ್ಲಿ, ಒಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು, ಗೇರಿಲ್ಲದ ಹಳೆಯ ಸೈಕಲ್ಲಿನಲ್ಲಿ ಅವನು ಇಳಿಯುವ ದಾರಿ ಅದು. ಅದೇ ಮಲೆನಾಡಿನ ‘ಇಲ್ಲೇ, ಒಂದು ಕೂಗಿಗೆ’ ಬಣ್ಣ ಬಳಿಸಿಕೊಂಡು ಗೋಡೆಗೇರಿತ್ತು. ಅವನನ್ನು ಹೇಗೆ ತಪ್ಪಿತಸ್ಥನೆನ್ನಲಿ? ಏನಾದರೂ ಅನಾಹುತವಾಗಿದ್ದರೆ ಎಲ್ಲರೂ ಮೊದಲು ಬೊಟ್ಟು ಮಾಡುತ್ತಿದ್ದುದು ಮಾತ್ರ ಅವನ ಕಡೆಗೇ. ಬೆಳಗ್ಗೆ ಎದ್ದು ನೆಲ ನೋಡಿ ‘ಇಂದು ಈ ದಾರಿ ಬೇಡ’ ಎನ್ನುವ ಅಧಿಕಾರ ಅವನಿಗಿರಲಿಲ್ಲ; ದುಡ್ಡು ಕೊಟ್ಟು ಬಂದವರು ನಾವು, ಹಲಗೆ ನೋಡಿ ಆರಿಸಿದ್ದೆವು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ಸಾಹಸಕ್ಕೆಂದು ಹೊರಟವನಿಗೆ ಅಳತೆಗೋಲೇಕೆ ಎನ್ನುವವರಿದ್ದಾರೆ. ಅವರಿಗೆ ಉತ್ತರ ಹೇಳುವ ಅಗತ್ಯ ನನಗೆ ತೋರುವುದಿಲ್ಲ. ಸಾಹಸಿಗಳು ಹಲಗೆಯನ್ನು ಓದುವುದೇ ಇಲ್ಲ, ಓದಿದರೂ ‘ಕಠಿಣ’ವೆಂಬುದನ್ನು ಬಿರುದಿನಂತೆ ಆರಿಸಿಕೊಳ್ಳುತ್ತಾರೆ. ಹೆಚ್ಚು ತೂಕದ ಆಕ್ಷೇಪ ಬೇರೆ. ಇದ್ದುದನ್ನೆಲ್ಲ ಬರೆದರೆ ಜನ ಹೆದರಿ ಬರುವುದಿಲ್ಲ, ಬಾರದಿದ್ದರೆ ಈ ಊರಿನ ಹುಡುಗರಿಗೆ ಸಿಗುತ್ತಿರುವ ನಾಲ್ಕು ಕಾಸು ಸಿಗುವುದಿಲ್ಲ. ಗಣಿ ನಿಂತ ಮೇಲೆ, ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ, ದುಡಿಮೆಗಾಗಿ ಊರು ಬಿಟ್ಟವರನ್ನು ಕಂಡ ಸೀಮೆ ಇದು. ಈ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಜನ ಬಾರದೆ ಹೋಗುವ ಭಯ ಈಗ ಉಳಿದಿದೆಯೆ? 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ಮುಗಿಬಿದ್ದು, ಆಮೇಲೆ ಅರಣ್ಯ ಇಲಾಖೆ ಚಾರಣಗಳನ್ನೇ ಕೆಲಕಾಲ ತಡೆದು, ಮುಂಗಡ ಟಿಕೆಟಿನ ವ್ಯವಸ್ಥೆ ತರಬೇಕಾಯಿತು. ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬಂದಿತು. ಒಳ್ಳೆಯದೇ ಆಯಿತು. ಎಣಿಕೆಯ ಮಿತಿ ಬಂದ ಮೇಲೆ ತಿಳಿವಳಿಕೆಯ ಮಾತೂ ಅದರ ಹಿಂದೆ ಬರಬೇಕಾಗಿತ್ತು. ರಾಷ್ಟ್ರೀಯ ಉದ್ಯಾನದೊಳಗಿನ ಕಾಲುದಾರಿಗಳು ನಡೆಯುವವರ ಪಾಲಿಗೆ. ಸೈಕಲ್ಲಿನವರಿಗೆ ಒದಗುವುದು ಅದರ ಅಂಚಿನ ತೋಟದ ದಾರಿಗಳು, ಊರ ಮಣ್ಣುರಸ್ತೆಗಳು. ಅವುಗಳ ಮೇಲೆ ಹೊರಟವರನ್ನು ಎಣಿಸುವವರೂ ಇಲ್ಲ, ಅವರಿಗೆ ಹೇಳುವವರೂ ಇಲ್ಲ.

ಏನು ಬರೆಯಬೇಕು? ನನ್ನ ಅಭಿಪ್ರಾಯದಲ್ಲಿ ತೀರ್ಪನ್ನು ಕೈಬಿಟ್ಟು ಸಾಕ್ಷ್ಯವನ್ನು ಬರೆಯಬೇಕು. ಹದಿನಾಲ್ಕು ಕಿಲೋಮೀಟರು, ಹತ್ತುವುದು 400 ಮೀಟರು, ಇಳಿಯುವುದೂ ಅಷ್ಟೇ ಎಂದರೆ ಯಾರ ಮಾನವೂ ಹೋಗುವುದಿಲ್ಲ. ಮೂರನೆಯ ಕಿಲೋಮೀಟರಿನಿಂದ ಒಂದು ಕಿಲೋಮೀಟರು ಕಡಿದಾದ ಇಳಿತ, ಬ್ರೇಕು ಸದಾ ಹಿಡಿದಿರಬೇಕು, ನಡುವೆ ಎರಡು ಕಡೆ ನಿಂತು ಕೈ ಕೊಡವಿಕೊಳ್ಳಿ ಎಂದು ಬರೆದಿದ್ದರೆ ನನ್ನ ವಿದ್ಯಾರ್ಥಿನಿ ತನ್ನ ನೋವನ್ನು ಎಲ್ಲರಿಗೂ ಬರುವ ನೋವೆಂದು ತಿಳಿದು ನಿಲ್ಲುತ್ತಿದ್ದಳು. ಮಳೆ ಬಿದ್ದ ಮರುದಿನ ಎಲ್ಲಿ ಇಳಿದು ತಳ್ಳಬೇಕು, ಸಾಕೆನಿಸಿದವನು ಯಾವ ತಿರುವಿನಲ್ಲಿ ಬಿಟ್ಟರೆ ಜೀಪು ಸಿಗುತ್ತದೆ, ಫೋನು ಎಲ್ಲಿಂದ ಎಲ್ಲಿಯವರೆಗೆ ಕೇಳಿಸುವುದಿಲ್ಲ, ಹಿಂದಿನ ಸಲ ಯಾವ ತಾರೀಕಿನಂದು ಈ ದಾರಿಯನ್ನು ಯಾರು ನೋಡಿಬಂದರು, ಇವೂ ಇರಬೇಕು. ಅಳೆಯುವಾಗ ದಿನವೂ ಓಡಾಡುವವನನ್ನು ಕೇಳಿದರೆ ಸಾಲದು. ದಾರಿಯನ್ನು ಕಂಡೇ ಇಲ್ಲದ ಪೇಟೆಯವನೊಬ್ಬನನ್ನು ಓಡಿಸಿ, ಅವನು ಎಲ್ಲೆಲ್ಲಿ ಕಾಲು ಊರಿದನೆಂದು ದಿನವೂ ಓಡಾಡುವವನೇ ನೋಡಿ ಗುರುತು ಹಾಕಿಕೊಳ್ಳಬೇಕು. ಕನ್ನಡದಲ್ಲಿ ಬರೆಯಬೇಕೆಂಬುದನ್ನು ಬೇರೆ ಹೇಳಬೇಕೆ? ಹೇಳಬೇಕು, ಕಳಸದ ಸುತ್ತ ನಾನು ಕಂಡ ಹಲವು ಹಲಗೆಗಳಲ್ಲಿ ಹಳ್ಳದ ಹೆಸರು ಕೂಡ ಇಂಗ್ಲಿಷಿನಲ್ಲಿಯೇ ಇತ್ತು. ಮೇಲೆ ಒಂದು ದರ್ಜೆಯ ಮಾತು ಬೇಕೇ ಬೇಕೆನ್ನುವವರು ಇಟ್ಟುಕೊಳ್ಳಲಿ. ಅನುಮಾನವಾದಲ್ಲಿ ಒಂದು ಮೆಟ್ಟಿಲು ಮೇಲಕ್ಕೆ ಹಾಕಲಿ. ಕಠಿಣವೆಂದುಕೊಂಡು ಹೋಗಿ ಸುಲಭವಾಗಿ ಮುಗಿಸಿದವನು ಸಂತೋಷದಿಂದ ಮನೆಗೆ ಬರುತ್ತಾನೆ.

ಇವನ್ನೆಲ್ಲ ಆ ತೋಟದವರಿಗೆ ಒಂದು ಕಾಗದದಲ್ಲಿ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಕಳೆದ ನವೆಂಬರಿನಲ್ಲಿ ಆ ಹುಡುಗಿಯೇ ‘ಉಳಿದ ಐದು ಕಿಲೋಮೀಟರು ನೋಡಬೇಕು ಸಾರ್’ ಎಂದು ಹಟ ಹಿಡಿದದ್ದರಿಂದ ಮತ್ತೆ ಅಲ್ಲಿಗೆ ಹೋದೆವು. ಕಣದ ಗೋಡೆಯ ಮೇಲೆ ಹಳೆಯ ಹಲಗೆ ಹಾಗೆಯೇ ಇತ್ತು, ‘ಸುಲಭ’ವೂ ಇತ್ತು. ಅದರ ಕೆಳಗೆ ಮೊಳೆ ಹೊಡೆದು ಮಕ್ಕಳ ಸ್ಲೇಟೊಂದನ್ನು ನೇತುಹಾಕಿದ್ದರು. ಅದರ ಮೇಲೆ ಬಳಪದಲ್ಲಿ, ಮಾರ್ಗದರ್ಶಿಯ ಸೊಟ್ಟ ಅಕ್ಷರದಲ್ಲಿ: ‘ನಿನ್ನೆ ಸಂಜೆ ಮಳೆ. ಎರಡನೇ ಮೋರಿಯಿಂದ ಹಳ್ಳದವರೆಗೆ ಇಳಿದು ತಳ್ಳುವುದು.’ ಕೆಳಗೆ ಅಂದಿನ ತಾರೀಕು.

ಹುಡುಗಿ ಅದನ್ನು ಎರಡು ಸಲ ಓದಿದಳು. ‘ಎಷ್ಟು ದೂರ ತಳ್ಳಬೇಕಣ್ಣ?’ ಎಂದು ಕೇಳಿದಳು.

‘ಇನ್ನೂರು ಹೆಜ್ಜೆ, ಅಕ್ಕ’ ಎಂದ ಅವನು. ಆಮೇಲೆ ಸ್ವಲ್ಪ ತಡೆದು, ‘ನನ್ನ ಹೆಜ್ಜೇಲಿ’ ಎಂದ.